ಟರ್ಬೋ ಕೂಡಿದ ಡೀಸಲ್ ಇಂಜನಿಗೆ ಎಣ್ಣೆಯ ಅಳತೆ

ಊರಿಗಾಂ, ಬಂಗಾರಪೇಟೆ, ಬೇತಮಂಗಲ ಮುಂತಾದ ಸ್ಥಳಗಳ ಸುತ್ತಣ ಗ್ರಾಮಗಳಲ್ಲಿ ಟರ್ಬೋ ಕೂಡಿದ ಡೀಸಲ್ ಟ್ರಾಕ್ಟರುಗಳು ಬಳಕೆಗೆ ಬಂದಿರುವುದು ವಾಚಕರೆಲ್ಲರೂ ಬಲ್ಲ ಸಂಗತಿಯಾಗಿದೆ. ಹದ ಆರುವುದರೊಳಗಾಗಿ ರಾಗಿಯ ಹೊಲವನ್ನು ಉತ್ತು ಮುಗಿಸುವುದು, ಟೊಮೇಟೋ ನಾಟಿಗೆ ಮೊದಲು ರೋಟವೇಟರ್ ಹೊಡೆಯುವುದು, ಬೇಸಿಗೆಯಲ್ಲಿ ಕೆರೆಗೋಡನ್ನು ಟ್ರೈಲರಿನಲ್ಲಿ ತುಂಬಿ ಏರಿ ಹತ್ತಿಸಿ ಹೊಲಕ್ಕೆ ಸಾಗಿಸುವುದು, ಇವೆಲ್ಲಕ್ಕೂ ಹೆಚ್ಚಾದ ಶಕ್ತಿಯು ಬೇಕು. ಶಕ್ತಿಯು ಸಾಲದೆಂದು ತೋರಿದ ಕೂಡಲೆ ಅನೇಕ ಮಾಲೀಕರು ಗ್ಯಾರೇಜಿಗೆ ಹೋಗಿ ಡೀಸಲ್ ಪಂಪಿನ ತಿರುಪನ್ನು ಸ್ವಲ್ಪ ತಿರುಗಿಸಿಕೊಡಬೇಕೆಂದು ಕೇಳುವುದು ರೂಢಿಯಾಗಿದೆ. ಅದು ಅರ್ಧ ಗಂಟೆಯ ಕೆಲಸ, ಖರ್ಚೂ ಅಲ್ಪವೇ. ಮಾರನೆಯ ದಿನ ಇಂಜನು ಚುರುಕಾಗಿ ಎಳೆಯುವುದೆಂದು ಮಾಲೀಕನಿಗೆ ಸಂತೋಷವಾಗುವುದು. ಆದರೆ ಈ ಸಂತೋಷದ ಬೆಲೆಯು ಎಷ್ಟೆಂಬುದು ಕೆಲವು ದಿನಗಳ ಮೇಲೆಯೇ ತಿಳಿಯುವುದು. ಆದುದರಿಂದ ಟರ್ಬೋ ಇಂಜನಿಗೆ ಎಣ್ಣೆಯನ್ನು ಯಾವ ಅಳತೆಯಲ್ಲಿ ಕೊಡತಕ್ಕದ್ದು, ಆ ಅಳತೆಯನ್ನು ಯಾರು, ಯಾವಾಗ, ಹೇಗೆ ಬದಲಾಯಿಸತಕ್ಕದ್ದು ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕವಾಗಿದೆ.

ಈ ಲೇಖನದಲ್ಲಿ ಎಣ್ಣೆ ಎಂದರೆ ಡೀಸಲ್ ಎಣ್ಣೆ ಎಂದು ತಿಳಿಯಬೇಕು. ಜಾರುವಿಕೆಗಾಗಿ ಹಾಕುವ ಎಣ್ಣೆಯನ್ನು ಇಂಜನ್ ಆಯಿಲ್ ಎಂದೇ ಕರೆಯಲಾಗಿದೆ.

ಗಾಳಿಗೂ ಎಣ್ಣೆಗೂ ಇರುವ ಸಂಬಂಧ

ಒಲೆಯಲ್ಲಿ ಸೌದೆಯನ್ನು ಒತ್ತಾಗಿ ತುರುಕಿದರೆ ಉರಿಯು ಹೆಚ್ಚದೆ ಹೊಗೆಯು ಹೆಚ್ಚುವುದನ್ನು ಎಲ್ಲರ ಮನೆಗಳಲ್ಲಿಯೂ ಕಂಡಿರುತ್ತೇವೆ. ಸೌದೆ ಸಾಲದೆ ಹೊಗೆಯಾದದ್ದಲ್ಲ. ಗಾಳಿ ಸಾಲದೆ ಆದದ್ದು. ಡೀಸಲ್ ಇಂಜನಿನ ಸ್ಥಿತಿಯೂ ಹೀಗೆಯೇ. ಒಂದು ಕಿಲೋಗ್ರಾಂ ಡೀಸಲ್ ಎಣ್ಣೆಯು ಪೂರ್ಣವಾಗಿ ಉರಿಯಬೇಕಾದರೆ ರಸಾಯನ ಶಾಸ್ತ್ರದ ಲೆಕ್ಕದಂತೆ ಸುಮಾರು 14½ ಕಿಲೋಗ್ರಾಂ ಗಾಳಿಯು ಬೇಕು. ಆದರೆ ಇಂಜನಿನ ಒಳಗೆ ಎಣ್ಣೆಗೂ ಗಾಳಿಗೂ ಬೆರೆಯಲು ದೊರೆಯುವ ಸಮಯವು ಕಣ್ಣುಮುಚ್ಚಿ ತೆರೆಯುವುದಕ್ಕಿಂತಲೂ ಕಡಿಮೆಯಾದುದರಿಂದ, ಕಪ್ಪು ಹೊಗೆಯಿಲ್ಲದೆ ಕೆಲಸ ನಡೆಯಬೇಕಾದರೆ ಸುಮಾರು 20 ಕಿಲೋಗ್ರಾಂ ಗಾಳಿಯು ಇರುವುದು ಕ್ಷೇಮಕರ. ಎಣ್ಣೆಯನ್ನು ಪಂಪು ಎಷ್ಟು ಬೇಕಾದರೂ ಕೊಡಬಲ್ಲುದು; ಗಾಳಿಯೇ ಮಿತಿಯನ್ನು ಗೊತ್ತುಮಾಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಗಾಳಿಯೇ ಹಾಸಿಗೆ, ಎಣ್ಣೆಯೇ ಕಾಲು.

ಮಿತಿಗಿಂತ ಹೆಚ್ಚಾಗಿ ಬಿದ್ದ ಎಣ್ಣೆಯು ಎರಡು ವಿಧವಾದ ಹಾನಿಯನ್ನು ಮಾಡುವುದು. ಒಂದು ಭಾಗವು ಉರಿಯದೆ ಮಸಿಯಾಗಿ ಹೋಗಿ ಹಣವನ್ನು ನಷ್ಟಪಡಿಸುವುದು. ಇನ್ನೊಂದು ಭಾಗವು ತಡವಾಗಿ ಉರಿದು, ಪಿಸ್ಟನಿನ ತಲೆ, ವಾಲ್ವುಗಳು ಮತ್ತು ಟರ್ಬೋ ಚಕ್ರ ಇವುಗಳನ್ನು ಅತಿಯಾಗಿ ಕಾಯಿಸುವುದು. ಶುದ್ಧ ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಪಿಸ್ಟನುಗಳನ್ನು ಮಾಡುವ ಮಿಶ್ರಲೋಹವು ಅದಕ್ಕಿಂತಲೂ ಕಡಿಮೆ ಶಾಖದಲ್ಲಿ ಮೆತ್ತಗಾಗುವುದು ಎಂಬುದನ್ನು ಜ್ಞಾಪಕದಲ್ಲಿಡತಕ್ಕದ್ದು.

ನಮ್ಮ ಸೀಮೆಯ ಎತ್ತರ

ಈ ಪ್ರಾಂತವು ಸಮುದ್ರ ಮಟ್ಟಕ್ಕಿಂತ ಸುಮಾರು 850 ಮೀಟರು, ಎಂದರೆ ಸುಮಾರು 2,800 ಅಡಿ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡವೂ ತೂಕವೂ ಕಡಿಮೆಯಾಗುವುವು. ಮದರಾಸಿನ ಕಡಲತೀರದಲ್ಲಿ ಇರುವ ಒತ್ತಡಕ್ಕಿಂತ ನಮ್ಮಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಆದಕಾರಣ ಟರ್ಬೋ ಇಲ್ಲದ ಇಂಜನು ಕಡಲತೀರದಲ್ಲಿ ಕೊಡುವಷ್ಟು ಶಕ್ತಿಯನ್ನು ಇಲ್ಲಿ ಕೊಡಲಾರದು. ಇದು ಇಂಜನಿನ ದೋಷವಲ್ಲ, ತಿರುಪಿನ ದೋಷವೂ ಅಲ್ಲ.

ಇದಕ್ಕೆ ಪ್ರತಿಯಾದ ದೃಷ್ಟಾಂತವೂ ನಮ್ಮ ಊರಿನಲ್ಲಿಯೇ ಉಂಟು. 2001ನೆಯ ಇಸವಿಯಲ್ಲಿ ಮುಚ್ಚಿಹೋದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಗಣಿಯ ಆಳವು ಸುಮಾರು 3,200 ಮೀಟರುಗಳಿಗೆ ಮುಟ್ಟಿತ್ತು. ಅಷ್ಟು ಆಳದಲ್ಲಿ ಮೇಲಿನ ಗಾಳಿಯ ಭಾರದಿಂದಲೇ ಗಾಳಿಯು ಒತ್ತಿಹೋಗಿ, ಲೆಕ್ಕ ಹಾಕಿದರೆ, ಅದರ ಒತ್ತಡವು ನೆಲದ ಮೇಲಿನದಕ್ಕಿಂತ ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚಾಗುವುದು. ಹೀಗೆ ಒತ್ತಿದ ಗಾಳಿಯು ಕಾಯುವುದೂ ಸಹಜ. ಗಾಳಿಯು ಬಾವಿಯಲ್ಲಿ ಇಳಿಯುತ್ತ ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುವುದು. ಆಳದ ಬಂಡೆಯ ಶಾಖವೂ ಅದಕ್ಕೆ ಕೂಡಿ ಕೆಳಗೆ ಕೆಲಸ ಮಾಡುವುದೇ ಕಷ್ಟವಾಗುತ್ತಿದ್ದುದನ್ನು ಗಣಿಯಲ್ಲಿ ದುಡಿದ ಹಿರಿಯರು ಈಗಲೂ ಹೇಳುವರು. ಆ ಆಳವು ಗಾಳಿಗೆ ಮಾಡಿದ ಎರಡು ಕೆಲಸಗಳನ್ನು, ಎಂದರೆ ಒತ್ತುವುದನ್ನೂ ಕಾಯಿಸುವುದನ್ನೂ, ಟರ್ಬೋ ಯಂತ್ರವು ಅಂಗೈಯಗಲದ ಚಕ್ರದಿಂದ ಮಾಡುವುದು. ಮೊದಲನೆಯದು ನಮಗೆ ಲಾಭ, ಎರಡನೆಯದು ನಷ್ಟ. ಇವೆರಡನ್ನೂ ಒಟ್ಟಿಗೆ ನೋಡಿಯೇ ಎಣ್ಣೆಯ ಅಳತೆಯನ್ನು ಕಟ್ಟಬೇಕು.

ಟರ್ಬೋ ಮಾಡುವ ಕೆಲಸ

ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಬಹಳ ಶಕ್ತಿಯು ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಇಂಜನಿಗೆ ತುಂಬಿಸುವುದೇ ಟರ್ಬೋ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜನಿಯರು 1905ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಹೊಗೆಗೆ ಬದಲಾಗಿ ಇಂಜನಿನ ಅಚ್ಚಿನಿಂದಲೇ ಬೆಲ್ಟು ಅಥವಾ ಹಲ್ಲುಚಕ್ರಗಳ ಮೂಲಕ ಗಾಳಿಯನ್ನು ಒತ್ತುವ ಯಂತ್ರಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಅದು ತನ್ನ ಕೆಲಸಕ್ಕೆ ಇಂಜನಿನ ಶಕ್ತಿಯನ್ನೇ ಸ್ವಲ್ಪ ತಿನ್ನುವುದು. ಟರ್ಬೋ ಹೆಚ್ಚುಕಡಮೆ ಬಿಸಾಡುವ ಶಕ್ತಿಯಿಂದ ಬದುಕುವುದು. ಟ್ರಾಕ್ಟರುಗಳಲ್ಲಿ ಟರ್ಬೋವೇ ಸಾಮಾನ್ಯ.

ಟರ್ಬೋವಿನ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನು ಮುಟ್ಟುವಷ್ಟು ವೇಗವಾಗಿ ತಿರುಗಬಲ್ಲುದು. ಅದು ನಿಂತಿರುವುದು ಇಂಜನ್ ಆಯಿಲಿನ ತೆಳುವಾದ ಪದರದ ಮೇಲೆ ಮಾತ್ರ. ಹೆಚ್ಚು ಭಾರ ಎಳೆದ ಮೇಲೆ ಇಂಜನನ್ನು ತಟ್ಟನೆ ನಿಲ್ಲಿಸಿದರೆ ಆಯಿಲಿನ ಹರಿವು ನಿಂತು, ಬಿಸಿಯಾಗಿರುವ ಅಚ್ಚಿನ ಬಳಿ ಅದು ಕರಕಾಗುವುದು. ಆದಕಾರಣ ನಿಲ್ಲಿಸುವ ಮೊದಲು ಎರಡು ಮೂರು ನಿಮಿಷ ಭಾರವಿಲ್ಲದೆ ನಿಧಾನವಾಗಿ ಓಡಿಸತಕ್ಕದ್ದು.

ಒಂದು ಲೆಕ್ಕ

ಮೂರು ಲೀಟರು ಅಳತೆಯ ಒಂದು ಇಂಜನು ನಿಮಿಷಕ್ಕೆ 2,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ನಾಲ್ಕು ಹೊಡೆತದ ಇಂಜನು ಎರಡು ಸುತ್ತಿಗೆ ಒಂದಾವೃತ್ತಿ ಗಾಳಿಯನ್ನು ಎಳೆಯುವುದರಿಂದ, ನಿಮಿಷಕ್ಕೆ 3,000 ಲೀಟರು, ಎಂದರೆ 3 ಘನ ಮೀಟರು ಗಾಳಿಯು ಒಳಕ್ಕೆ ಹೋಗಬೇಕು. 30 ಡಿಗ್ರಿ ಶಾಖದಲ್ಲಿ ನಮ್ಮ ಎತ್ತರದ ಒಂದು ಘನ ಮೀಟರು ಗಾಳಿಯ ತೂಕವು ಸುಮಾರು 1.05 ಕಿಲೋಗ್ರಾಂ. ಇಂಜನು ಪೂರ್ಣವಾಗಿ ತುಂಬದೆ ನೂರಕ್ಕೆ 85 ಪಾಲು ತುಂಬುವುದೆಂದು ಹಿಡಿದರೆ ನಿಮಿಷಕ್ಕೆ ಸುಮಾರು 2.7 ಕಿಲೋಗ್ರಾಂ ಗಾಳಿಯಾಯಿತು. ಇಪ್ಪತ್ತಕ್ಕೆ ಒಂದರಂತೆ 135 ಗ್ರಾಂ ಎಣ್ಣೆ; ಗಂಟೆಗೆ ಸುಮಾರು 8 ಕಿಲೋಗ್ರಾಂ, ಎಂದರೆ ಸುಮಾರು 9¾ ಲೀಟರು. ಟರ್ಬೋ ಇಲ್ಲದಿದ್ದರೆ ಪೂರ್ಣ ಭಾರದಲ್ಲಿ ಈ ಇಂಜನಿಗೆ ಇಷ್ಟೇ ಹಕ್ಕು.

ಈಗ ಟರ್ಬೋವಿನಿಂದ ಅರ್ಧ ಬಾರ್, ಎಂದರೆ ಚದರ ಅಂಗುಲಕ್ಕೆ ಸುಮಾರು 7 ಪೌಂಡು ಹೆಚ್ಚಿನ ಒತ್ತಡವನ್ನು ಕೊಟ್ಟೆವೆನ್ನೋಣ. ಒತ್ತಡವು ಒಂದೂವರೆ ಪಾಲಿಗೂ ಸ್ವಲ್ಪ ಮೇಲಾಗುವುದು. ಹಾಗಾದರೆ ಗಾಳಿಯ ತೂಕವೂ ಒಂದೂವರೆ ಪಾಲಾಯಿತೆಂದು ಭಾವಿಸುವುದು ತಪ್ಪು. ಒತ್ತಿದ ಗಾಳಿಯು 30 ಡಿಗ್ರಿಯಿಂದ ಸುಮಾರು 90 ಡಿಗ್ರಿಗೆ ಕಾಯುವುದು. ಕಾದ ಗಾಳಿಯು ಹಿಗ್ಗುವುದು. ಕೊನೆಗೆ ತೂಕದಲ್ಲಿ ದೊರೆಯುವ ಹೆಚ್ಚಳವು ನೂರಕ್ಕೆ ಸುಮಾರು 28 ಮಾತ್ರ. ಎಣ್ಣೆಯನ್ನು ಗಂಟೆಗೆ 12½ ಲೀಟರಿನವರೆಗೆ ಏರಿಸಬಹುದೇ ಹೊರತು ಅದಕ್ಕೆ ಮೇಲಲ್ಲ. ನಡುವೆ ಗಾಳಿ ತಣಿಸುವ ಇಂಟರ್‌ಕೂಲರ್ ಇದ್ದು, ಗಾಳಿಯು 60 ಡಿಗ್ರಿಗೆ ಇಳಿದರೆ ಹೆಚ್ಚಳವು ನೂರಕ್ಕೆ 40ರಷ್ಟಾಗುವುದು. ಒತ್ತಡದ ಮುಳ್ಳು ಎರಡರಲ್ಲಿಯೂ ಒಂದೇ ಸ್ಥಾನದಲ್ಲಿ ನಿಂತಿದ್ದರೂ ಗಾಳಿಯ ತೂಕವು ಬೇರೆ ಬೇರೆ ಎಂಬುದನ್ನು ಗಮನಿಸಬೇಕು.

ಇದೇ ಲೆಕ್ಕವನ್ನು ಹಿಂದುಮುಂದಾಗಿ ನೋಡಿರಿ. ಪಂಪು 12½ ಲೀಟರಿಗೆ ಕಟ್ಟಿದ್ದು, ಟರ್ಬೋವಿನಿಂದ ಇಂಜನಿಗೆ ಬರುವ ರಬ್ಬರ್ ಪೈಪು ಹರಿದು ಒತ್ತಡವೆಲ್ಲ ಹೊರಗೆ ಸೋರಿಹೋದರೆ, ಒಂದು ಪಾಲು ಎಣ್ಣೆಗೆ 20 ಪಾಲು ಇದ್ದ ಗಾಳಿಯು 15½ ಪಾಲಿಗೆ ಇಳಿಯುವುದು. ಇಂಜನು ಕರ್ರನೆ ಹೊಗೆಯುಗುಳಿ ಸೋಲುವುದು. ಇಲ್ಲಿ ದೋಷವು ಹತ್ತು ರೂಪಾಯಿಯ ಕ್ಲಿಪ್ಪಿನಲ್ಲಿರಬಹುದು. ಪಂಪಿನಲ್ಲಿ ಏನೂ ಇರುವುದಿಲ್ಲ.

ಎಣ್ಣೆ ಅಳೆಯುವ ಪಂಪು

ಡೀಸಲ್ ಪಂಪು ಎಣ್ಣೆಯನ್ನು ಒತ್ತಿ ನಾಜಲಿಗೆ ಕಳುಹಿಸುವುದಲ್ಲದೆ, ಪ್ರತಿ ಹೊಡೆತಕ್ಕೂ ತೊಟ್ಟುಗಳ ಲೆಕ್ಕದಲ್ಲಿ ಅಳೆದು ಕೊಡುವ ಅಳತೆಗಾರನೂ ಆಗಿದೆ. ಜರ್ಮನಿಯ ಬಾಷ್ ಕಾರ್ಖಾನೆಯು 1927ರಿಂದ ಇಂತಹ ಪಂಪುಗಳನ್ನು ಹೇರಳವಾಗಿ ತಯಾರಿಸಿತು. ನಮ್ಮ ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯಿಂದ ಈ ಪಂಪುಗಳು ದೇಶದ ಹಳ್ಳಿಹಳ್ಳಿಗೂ ಹರಡಿದುವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ರೈತರ ಬಾಯಲ್ಲಿ ಅದು ಇನ್ನೂ ಮೈಕೋ ಪಂಪು ಎಂದೇ ಉಳಿದಿದೆ.

ಪಂಪಿನಲ್ಲಿ ಪೂರ್ಣ ಭಾರದ ಎಣ್ಣೆಗೆ ಮಿತಿಯಾಗಿ ಒಂದು ತಿರುಪು ಇರುವುದು. ಗ್ಯಾರೇಜಿನಲ್ಲಿ ತಿರುಗಿಸುವುದು ಇದನ್ನೇ. ತಯಾರಕರು ಇದಕ್ಕೆ ಮೊಹರು ಹಾಕಿ ಕಳುಹಿಸಿರುತ್ತಾರೆ. ಟರ್ಬೋ ಇಂಜನುಗಳ ಅನೇಕ ಪಂಪುಗಳ ಮೇಲೆ ಇನ್ನೊಂದು ಸಣ್ಣ ಡಬ್ಬಿಯೂ ಉಂಟು. ಅದರೊಳಗೆ ರಬ್ಬರಿನ ಪೊರೆ ಮತ್ತು ಸ್ಪ್ರಿಂಗು ಇರುವುವು. ಗಾಳಿಯ ಮಾರ್ಗದಿಂದ ಒಂದು ಸಪೂರವಾದ ನಳಿಗೆಯು ಬಂದು ಅದಕ್ಕೆ ಸೇರಿರುತ್ತದೆ. ಟರ್ಬೋವಿನ ಒತ್ತಡವು ಏರಿದಾಗ ಪೊರೆಯು ಬಗ್ಗಿ, ಹೆಚ್ಚಿನ ಎಣ್ಣೆಗೆ ಅನುಮತಿಯನ್ನು ಕೊಡುವುದು. ಒತ್ತಡವಿಲ್ಲದಾಗ ಅನುಮತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಗಾಳಿ ಬಂದ ಮೇಲೆಯೇ ಎಣ್ಣೆ ಎಂಬ ನಿಯಮವನ್ನು ಕಾಯುವ ಕಾವಲುಗಾರನೇ ಈ ಡಬ್ಬಿ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಕೆರೆಗೋಡು ಸಾಗಿಸುವ ಕಾಲದಲ್ಲಿ ಈ ಲೇಖಕನು ಒಂದು ಗ್ರಾಮಕ್ಕೆ ತಪಾಸಣೆಗಾಗಿ ಹೋಗಿದ್ದನು. ಅಲ್ಲಿಯ ಒಬ್ಬ ಗೃಹಸ್ಥರು ಸಾಲ ಮಾಡಿ ತೆಗೆದುಕೊಂಡ ಟರ್ಬೋ ಟ್ರಾಕ್ಟರನ್ನು ತೋರಿಸಿ, "ಸ್ವಾಮೀ, ನಡುವೆ ಶಕ್ತಿ ಕುಗ್ಗಿತ್ತು, ಈಗ ಸರಿಹೋಗಿದೆ, ಹೊಗೆ ಮಾತ್ರ ಸ್ವಲ್ಪ ಜಾಸ್ತಿ" ಎಂದರು. ಇಂಜನನ್ನು ನೋಡಲಾಗಿ ಡಬ್ಬಿಗೆ ಹೋಗುವ ಸಪೂರ ನಳಿಗೆಯು ಸೀಳಿಹೋಗಿದ್ದಿತು. ಅದನ್ನು ಹೊಸದಾಗಿ ಹಾಕಿಸಬೇಕೆಂದು ನಾನು ಹೇಳಿದೆನು. ಅವರು ಅಂದೇ ಹಾಕಿಸಿದರು. ಮೂರು ದಿನಗಳ ತರುವಾಯ ತುಂಬಿದ ಟ್ರೈಲರನ್ನು ಏರಿ ಹತ್ತಿಸುತ್ತಿದ್ದಾಗ ಇಂಜನು ಬಡಿದುಕೊಂಡು ನಿಂತುಹೋಯಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನಿನ ತಲೆಯು ಕರಗಿ ತೂತಾಗಿತ್ತು, ಲೈನರು ಗೀರಿಹೋಗಿತ್ತು, ಲೋಹದ ಚೂರುಗಳು ಬಡಿದು ಟರ್ಬೋ ಚಕ್ರದ ರೆಕ್ಕೆಗಳು ಮುರಿದಿದ್ದುವು.

ಕಾರಣವನ್ನು ವಿಚಾರಿಸಿದಾಗ ತಿಳಿದುಬಂದದ್ದೇನೆಂದರೆ: ನಳಿಗೆಯು ಸೀಳಿದ್ದರಿಂದ ಡಬ್ಬಿಗೆ ಒತ್ತಡವು ತಲುಪದೆ, ಪಂಪು ಎಣ್ಣೆಯನ್ನು ಕಡಿಮೆಮಾಡಿತ್ತು. ಶಕ್ತಿ ಕುಗ್ಗಿದ್ದು ಅದರಿಂದಲೇ. ಒಬ್ಬ ಮೆಕ್ಯಾನಿಕನು ನಳಿಗೆಯನ್ನು ನೋಡದೆ ಮೊಹರನ್ನು ಕಿತ್ತು ತಿರುಪನ್ನು ತಿರುಗಿಸಿ ಆ ಕೊರತೆಯನ್ನು ತುಂಬಿದ್ದನು. ಆಮೇಲೆ ನಾನು ನಳಿಗೆಯನ್ನು ಸರಿಪಡಿಸಲು ಹೇಳಿದಾಗ ಡಬ್ಬಿಯು ತನ್ನ ಪಾಲಿನ ಎಣ್ಣೆಯನ್ನೂ ಕೂಡಿಸಿತು. ಎರಡೂ ಸೇರಿ ಮಿತಿಯು ಮೀರಿತು. ಪಂಪಿನ ಮೊಹರು ಇದೆಯೇ, ತಿರುಪನ್ನು ಯಾರಾದರೂ ಮುಟ್ಟಿದ್ದಾರೆಯೇ ಎಂಬ ಒಂದು ಪ್ರಶ್ನೆಯನ್ನು ನಾನು ಅಂದು ಕೇಳಿದ್ದರೆ ಆ ಇಂಜನು ಉಳಿಯುತ್ತಿತ್ತು. ಕೇಳದೆ ಹೋದದ್ದು ನನ್ನ ತಪ್ಪು. ಆ ವರ್ಷ ಅವರು ಬಾಡಿಗೆಯ ಟ್ರಾಕ್ಟರಿನಿಂದ ಉಳುಮೆ ಮಾಡಿಸಬೇಕಾಯಿತು. ಮುಂಗಾರಿನ ಹದವೂ ಕೈತಪ್ಪಿತು. ಇಂತಹ ನಷ್ಟವು ಮತ್ತೊಬ್ಬರಿಗೆ ಆಗಬಾರದೆಂಬುದೇ ಈ ಲೇಖನದ ಉದ್ದೇಶ.

ಪೆಟ್ರೋಲ್ ಕಾರಿನವರ ಮಾತು

ಇಲ್ಲಿ ಇನ್ನೊಂದು ಭ್ರಾಂತಿಯನ್ನು ನಿವಾರಿಸಬೇಕು. ಬೆಂಗಳೂರಿನಲ್ಲಿ ಕಾರುಗಳ ವೇಗ ಹೆಚ್ಚಿಸುವ ಕೆಲಸವನ್ನು ಕಂಡುಬಂದ ನಮ್ಮ ಯುವಕರು, ಟರ್ಬೋ ಇಂಜನಿಗೆ ಎಣ್ಣೆ ಕಡಿಮೆಯಾದರೆ ಪಿಸ್ಟನು ಸುಡುವುದು, ಹೆಚ್ಚಾದರೆ ತಣ್ಣಗಿರುವುದು ಎಂದು ಹೇಳುವುದುಂಟು. ಪೆಟ್ರೋಲ್ ಇಂಜನಿನ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಪೆಟ್ರೋಲು ಗಾಳಿಯೊಡನೆ ಮೊದಲೇ ಬೆರೆತಿರುವುದು. ಪೂರ್ಣವಾಗಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿಯು ಸರಿಯಾದರೂ, ಟರ್ಬೋ ಪೂರ್ಣವಾಗಿ ಒತ್ತುವಾಗ ಸುಮಾರು 12 ಪಾಲಿಗೆ ಇಳಿಸಿ ಪೆಟ್ರೋಲನ್ನು ಬೇಕೆಂದೇ ಹೆಚ್ಚು ಕೊಡುವ ಪದ್ಧತಿಯುಂಟು. ಹೆಚ್ಚಿನ ಪೆಟ್ರೋಲು ಆವಿಯಾಗುತ್ತ ಶಾಖವನ್ನು ಹೀರಿ, ಅಕಾಲದಲ್ಲಿ ಸಿಡಿಯುವ ಬಡಿತವನ್ನು ತಡೆಯುವುದು. ಅಂತಹ ಕಾರಿನಲ್ಲಿ ಒತ್ತಡವನ್ನು ಏರಿಸಿ ಪೆಟ್ರೋಲನ್ನು ಏರಿಸದಿದ್ದರೆ ಇಂಜನಿಗೆ ಅಪಾಯ.

ಡೀಸಲ್ ಇಂಜನಿನಲ್ಲಿ ನಿಯಮವು ಇದಕ್ಕೆ ತಲೆಕೆಳಗಾಗಿದೆ. ಎಣ್ಣೆ ಕಡಿಮೆಯಾದರೆ ಇಂಜನು ತಣ್ಣಗೆ ಓಡಿ ಶಕ್ತಿಯನ್ನು ಕಡಿಮೆ ಕೊಡುವುದು, ಅಷ್ಟೆ. ಎಣ್ಣೆ ಹೆಚ್ಚಿದಷ್ಟೂ ಶಾಖವು ಹೆಚ್ಚುವುದು. ಆದುದರಿಂದ ಕಾರಿಗೆ ಹೇಳಿದ ಔಷಧವು ಟ್ರಾಕ್ಟರಿಗೆ ವಿಷವಾಗುವುದು. ಒಂದೇ ಟರ್ಬೋ ಎಂಬ ಹೆಸರನ್ನು ಕೇಳಿ ಮೋಸಹೋಗಬಾರದು.

ತಿರುಪನ್ನು ಮುಟ್ಟುವ ಮೊದಲು

ಶಕ್ತಿ ಕುಗ್ಗಿದಾಗ ಈ ಕೆಳಗಿನ ಕ್ರಮದಲ್ಲಿ ಪರೀಕ್ಷೆ ಮಾಡತಕ್ಕದ್ದು. ಕ್ರಮವನ್ನು ತಪ್ಪಿಸಬಾರದು, ಏಕೆಂದರೆ ಗಾಳಿಯ ದೋಷಗಳು ಅಗ್ಗವಾಗಿಯೂ ಎಣ್ಣೆಯ ದೋಷಗಳು ದುಬಾರಿಯಾಗಿಯೂ ಇರುವುವು.

1. ಏರ್ ಕ್ಲೀನರ್. ನಮ್ಮ ಕೆಂಪು ಭೂಮಿಯಲ್ಲಿ ಒಣ ಉಳುಮೆಯ ಕಾಲದಲ್ಲಿ ಏಳುವ ಧೂಳು ಬಹಳ ನಯವಾದುದು. ಆಯಿಲ್ ತುಂಬುವ ಬಗೆಯದಾದರೆ ಬಟ್ಟಲನ್ನು ತೊಳೆದು ಹೊಸ ಆಯಿಲನ್ನು ಗೆರೆಯವರೆಗೆ ಹಾಕಬೇಕು. ಕಾಗದದ ಬಗೆಯದಾದರೆ ತಯಾರಕರು ಹೇಳಿದಂತೆ ಚೊಕ್ಕಟ ಮಾಡಬೇಕು, ಇಲ್ಲವೆ ಬದಲಾಯಿಸಬೇಕು. ಕಲ್ಲಿಗೆ ಬಡಿದು ಉಪಯೋಗಿಸಬಾರದು. ಕಾಗದವು ಹರಿದರೆ ಧೂಳು ನೇರವಾಗಿ ಟರ್ಬೋ ಚಕ್ರವನ್ನು ಸವೆಸುವುದು.

2. ಟರ್ಬೋವಿನಿಂದ ಇಂಜನಿಗೆ ಬರುವ ಪೈಪುಗಳು ಮತ್ತು ಕ್ಲಿಪ್ಪುಗಳು. ಸೋರುವ ಸ್ಥಳದಲ್ಲಿ ಆಯಿಲಿನ ಜಿಡ್ಡೂ ಧೂಳೂ ಕೂಡಿ ಕರೆ ಕಟ್ಟಿರುತ್ತದೆ. ಪೈಪನ್ನು ಬಗ್ಗಿಸಿ ಬಿರುಕುಗಳನ್ನು ನೋಡಬೇಕು.

3. ಪಂಪಿನ ಡಬ್ಬಿಗೆ ಹೋಗುವ ಸಪೂರ ನಳಿಗೆ. ಮೇಲೆ ಹೇಳಿದ ಪ್ರಸಂಗವನ್ನು ಜ್ಞಾಪಕದಲ್ಲಿಟ್ಟು, ಇದನ್ನು ಸರಿಪಡಿಸುವ ಮೊದಲು ಪಂಪಿನ ಮೊಹರು ಇದೆಯೇ ಎಂದು ನೋಡುವುದು ಕಡ್ಡಾಯ.

4. ಡೀಸಲ್ ಫಿಲ್ಟರು, ನೀರು ಬೇರ್ಪಡಿಸುವ ಬಟ್ಟಲು, ಮಾರ್ಗದಲ್ಲಿ ಗಾಳಿ ಸೇರುವಿಕೆ. ಡ್ರಮ್ಮಿನಲ್ಲಿ ಶೇಖರಿಸಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದ ಮಾತ್ರಕ್ಕೆ ನೀರು ಬೇರೆಯಾಗುವುದಿಲ್ಲ.

5. ನಾಜಲುಗಳು. ಎಣ್ಣೆಯು ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕುವ ನಾಜಲು ಎಣ್ಣೆಯ ಅಳತೆಯು ಸರಿಯಿದ್ದರೂ ಪಿಸ್ಟನನ್ನು ಸುಡಬಲ್ಲುದು.

6. ವಾಲ್ವುಗಳ ಸಂದು, ಎಣ್ಣೆ ಚಿಮ್ಮುವ ಕಾಲ, ಟರ್ಬೋ ಅಚ್ಚಿನ ಸಡಿಲ.

7. ಭಾರ. ಬ್ರೇಕು ಹಿಡಿದಿರುವುದು, ನೇಗಿಲು ಅತಿ ಆಳಕ್ಕೆ ಇಳಿದಿರುವುದು, ರೋಟವೇಟರಿನ ಅಲಗು ಸವೆದಿರುವುದು, ಗೇರು ಹೊಂದದಿರುವುದು, ಇವುಗಳೂ ಇಂಜನಿನ ದೋಷವೆಂದೇ ತೋರುವುವು.

ಹೊಗೆಯ ಬಣ್ಣವೂ ಒಳ್ಳೆಯ ಸಾಕ್ಷಿಯಾಗಿದೆ. ಕಪ್ಪು ಹೊಗೆಯು ಗಾಳಿ ಸಾಲದು ಅಥವಾ ಎಣ್ಣೆ ಹೆಚ್ಚು ಎಂಬುದನ್ನೂ, ನೀಲಿ ಹೊಗೆಯು ಇಂಜನ್ ಆಯಿಲ್ ಉರಿಯುತ್ತಿದೆ ಎಂಬುದನ್ನೂ, ಇಂಜನು ಕಾದ ಮೇಲೂ ಬಿಡದ ಬಿಳಿ ಹೊಗೆಯು ಎಣ್ಣೆಯು ಉರಿಯದೆ ಹೋಗುತ್ತಿದೆ ಅಥವಾ ನೀರು ಸೇರಿದೆ ಎಂಬುದನ್ನೂ ಸೂಚಿಸುವುದು. ತಟ್ಟನೆ ಭಾರ ಬಿದ್ದಾಗ, ಟರ್ಬೋ ವೇಗ ಹಿಡಿಯುವವರೆಗೆ, ಒಂದು ಕ್ಷಣ ಕಪ್ಪು ಹೊಗೆ ಬರುವುದು ದೋಷವಲ್ಲ. ಭಾರವಿರುವಷ್ಟು ಹೊತ್ತೂ ಬರುವುದು ದೋಷ.

ಅಳತೆಯನ್ನು ಬದಲಾಯಿಸಲೇಬೇಕಾದರೆ

ಮೇಲಿನ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದಿದ್ದರೆ, ಅಥವಾ ಮೊಹರು ಕಿತ್ತುಹೋಗಿದ್ದರೆ, ಪಂಪನ್ನು ಕಳಚಿ ಪರೀಕ್ಷಾ ಬೆಂಚು ಇರುವ ಪಂಪು ರಿಪೇರಿ ಅಂಗಡಿಗೆ ಒಯ್ಯತಕ್ಕದ್ದು. ಅಲ್ಲಿ ಪಂಪನ್ನು ಮೋಟಾರಿನಿಂದ ತಿರುಗಿಸಿ, ಗೊತ್ತಾದ ಸಂಖ್ಯೆಯ ಹೊಡೆತಗಳಿಗೆ ಪ್ರತಿಯೊಂದು ಬಾಯಿಯಿಂದಲೂ ಬೀಳುವ ಎಣ್ಣೆಯನ್ನು ಗೆರೆ ಹಾಕಿದ ಗಾಜಿನ ಕೊಳವೆಗಳಲ್ಲಿ ಅಳೆಯುವರು. ಎಲ್ಲಾ ಕೊಳವೆಗಳೂ ಸಮನಾಗಿರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದರೆ, ಒಟ್ಟು ಅಳತೆಯು ಸರಿಯಾಗಿದ್ದರೂ ಹೆಚ್ಚು ಬಿದ್ದ ಪಿಸ್ಟನು ಸುಡುವುದು. ತಿರುಪಿನಿಂದ ಮಾತ್ರ ಈ ವ್ಯತ್ಯಾಸವನ್ನು ಸರಿಪಡಿಸಲಾಗುವುದಿಲ್ಲ.

ಟರ್ಬೋ ಪಂಪಿನಲ್ಲಿ ಡಬ್ಬಿಗೆ ಗಾಳಿಯ ಒತ್ತಡವನ್ನು ಕೊಟ್ಟೂ ಕೊಡದೆಯೂ ಎರಡು ವಿಧವಾಗಿ ಅಳತೆ ನೋಡಬೇಕೆಂದು ಮಾಲೀಕನು ಬಾಯಿಬಿಟ್ಟು ಕೇಳಬೇಕು. ಅಳತೆಯು ಆ ಇಂಜನಿನ ತಯಾರಕರ ಪಟ್ಟಿಯಂತೆಯೇ ಇರಬೇಕು. ಕೆಲಸವಾದ ಮೇಲೆ ಅಳತೆಯ ಚೀಟಿಯನ್ನು ಬರೆಯಿಸಿಕೊಂಡು, ಹೊಸ ಮೊಹರನ್ನು ಹಾಕಿಸಿಕೊಳ್ಳಬೇಕು. ನಿರಂತರವಾಗಿ ಭಾರದ ಕೆಲಸ ಮಾಡುವವರು ಟರ್ಬೋವಿಗೆ ಮೊದಲು ಹೊಗೆಯ ಶಾಖವನ್ನು ತೋರಿಸುವ ಮಾಪಕವನ್ನು ಹಾಕಿಸುವುದು ಉತ್ತಮ. ತಯಾರಕರು ಹೇಳಿದ ಮಿತಿಯೇ ಪ್ರಮಾಣ. ಅದು ದೊರೆಯದಿದ್ದರೆ 650 ಡಿಗ್ರಿಯ ಹತ್ತಿರಕ್ಕೆ ಮುಳ್ಳು ಬಂದಾಗಲೇ ಗೇರನ್ನು ಇಳಿಸುವುದು ವಿವೇಕ.

ಟರ್ಬೋ ಇಲ್ಲದ ಹಳೆಯ ಇಂಜನಿಗೆ ಸಂತೆಯಲ್ಲಿ ಸಿಕ್ಕಿದ ಟರ್ಬೋವನ್ನು ಕೂಡಿಸುವ ಸಾಹಸವನ್ನು ಮಾಡಲಾಗದು. ಟರ್ಬೋಗೆಂದು ಕಟ್ಟಿದ ಇಂಜನಿನಲ್ಲಿ ಪಿಸ್ಟನು, ಹೆಡ್ ಗ್ಯಾಸ್ಕೆಟ್, ಬೋಲ್ಟುಗಳು, ಆಯಿಲ್ ಪಂಪು ಇವೆಲ್ಲವೂ ಹೆಚ್ಚಿನ ಒತ್ತಡಕ್ಕೆ ತಕ್ಕಂತೆ ಇರುತ್ತವೆ. ಗೇರು ಪೆಟ್ಟಿಗೆ ಮತ್ತು ಹಿಂದಿನ ಅಚ್ಚುಗಳಿಗೂ ಅವುಗಳದೇ ಮಿತಿಯುಂಟು.

ಈ ವಿಷಯಗಳಲ್ಲಿ ಸಲಹೆಗಾಗಿ ನಮ್ಮವರು ದೂರ ಹೋಗಬೇಕಾದುದಿಲ್ಲ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯು ಚಿನ್ನದ ಗಣಿಯ ಊರಿನಲ್ಲಿಯೇ ಬುಲ್ಡೋಜರು ಮುಂತಾದ ಭಾರೀ ಯಂತ್ರಗಳನ್ನು ತಯಾರಿಸುತ್ತ ಬಂದಿದೆ. ಇಂತಹ ಯಂತ್ರಗಳೊಡನೆ ಆಯುಷ್ಯವನ್ನು ಕಳೆದು ನಿವೃತ್ತರಾದ ಅನುಭವಶಾಲಿಗಳು ಊರಿಗಾಂ, ಬಂಗಾರಪೇಟೆಗಳಲ್ಲಿ ವಾಸವಾಗಿದ್ದಾರೆ. ಅಂತಹವರನ್ನು ಕರೆಯಿಸಿ ಗ್ರಾಮದ ಚಾವಡಿಯಲ್ಲಿ ಚಾಲಕರಿಗೆ ಒಂದು ದಿನ ಪಾಠ ಹೇಳಿಸುವುದು ಮುಖಂಡರಿಂದ ಆಗತಕ್ಕ ಉಪಕಾರ.

ಹೊಸ ಇಂಜನುಗಳು

50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ನೆಯ ಜನವರಿಯಿಂದ ಹೊಗೆಯ ಬಗ್ಗೆ ಬಿಗಿಯಾದ ನಿಯಮಗಳು ಜಾರಿಗೆ ಬಂದುವು. ಇವುಗಳಲ್ಲಿ ಅನೇಕ ಇಂಜನುಗಳಿಗೆ ಎಣ್ಣೆಯನ್ನು ವಿದ್ಯುತ್ ಉಪಕರಣವೇ ಅಳೆದು ಕೊಡುವುದು. ಗಾಳಿಯ ಒತ್ತಡ, ಶಾಖಗಳನ್ನು ಅಳೆದು, ಅದಕ್ಕೆ ತಕ್ಕಷ್ಟೇ ಎಣ್ಣೆಯನ್ನು ಬಿಡುವುದು. ತಿರುಗಿಸಲು ತಿರುಪು ಇಲ್ಲದಿರುವುದನ್ನು ಕಂಡು, ನಡುವೆ ಒಂದು ಪೆಟ್ಟಿಗೆಯನ್ನು ಕೂಡಿಸಿ ಉಪಕರಣಕ್ಕೆ ಸುಳ್ಳು ಅಳತೆಯನ್ನು ಹೇಳಿಸುವ ಜನರೂ ಇದ್ದಾರೆ. ಸುಳ್ಳನ್ನು ಉಪಕರಣವು ನಂಬಬಹುದು, ಪಿಸ್ಟನು ನಂಬುವುದಿಲ್ಲ. ಗ್ಯಾರಂಟಿಯೂ ಕೈಬಿಡುವುದು.

ಲಾಭನಷ್ಟ

ಎಣ್ಣೆ ಹೆಚ್ಚಿಸಿದ್ದರಿಂದ ಲಾಭವಾಯಿತೇ ಎಂಬುದನ್ನು ಕಿವಿಯಿಂದ ನಿರ್ಣಯಿಸದೆ ಅಳತೆಯಿಂದ ನಿರ್ಣಯಿಸಬೇಕು. ಸಮತಟ್ಟಾದ ಸ್ಥಳದಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿ, ಒಂದು ಎಕರೆಯನ್ನು ಉತ್ತು, ಅದೇ ಸ್ಥಳದಲ್ಲಿ ನಿಲ್ಲಿಸಿ, ಅಳತೆಯ ಲೀಟರಿನಿಂದ ಪುನಃ ಬಾಯಿಮಟ್ಟ ತುಂಬಿದರೆ ಎಕರೆಗೆ ತಗುಲಿದ ಎಣ್ಣೆಯು ತಿಳಿಯುವುದು. ಗಡಿಯಾರದಿಂದ ಕಾಲವನ್ನೂ ಬರೆದಿಡಬೇಕು. ಎಕರೆಗೆ ಒಂದು ಲೀಟರು ಮಾತ್ರ ಹೆಚ್ಚಾಯಿತೆಂದೂ, ವರ್ಷಕ್ಕೆ 300 ಎಕರೆ ಕೆಲಸವೆಂದೂ, ಲೀಟರಿಗೆ 90 ರೂಪಾಯಿ ಎಂದೂ ಇಟ್ಟುಕೊಂಡರೆ ನಷ್ಟವು 27,000 ರೂಪಾಯಿಗಳು. ಇದು ಇಂಜನು ಕೆಡದೆ ಉಳಿದರೆ ಆಗುವ ನಷ್ಟ. ಕೆಟ್ಟರೆ ಆಗುವುದನ್ನು ಮೇಲೆ ಹೇಳಿದೆ. ಪ್ರತಿಯೊಂದು ಟ್ರಾಕ್ಟರಿಗೂ ಒಂದು ಪುಸ್ತಕವನ್ನಿಟ್ಟು ಎಣ್ಣೆ, ಎಕರೆ, ಗಂಟೆ, ರಿಪೇರಿ ಮತ್ತು ಮೊಹರಿನ ಸ್ಥಿತಿ ಇವುಗಳನ್ನು ಬರೆಯುವ ಅಭ್ಯಾಸವು ಒಳ್ಳೆಯದು. ಹಲವರು ಕೂಡಿ ಇಟ್ಟುಕೊಂಡಿರುವ ಟ್ರಾಕ್ಟರಿಗಂತೂ ಇದು ಅತ್ಯಾವಶ್ಯಕ.

ಸಾರಾಂಶ

ಗಾಳಿಯು ಮೊದಲು, ಎಣ್ಣೆಯು ಅನಂತರ. ಶಕ್ತಿ ಕುಗ್ಗಿದರೆ ಗಾಳಿಯ ಮಾರ್ಗವನ್ನು ಮೊದಲು ನೋಡತಕ್ಕದ್ದು. ಡೀಸಲ್ ಇಂಜನಿನಲ್ಲಿ ಎಣ್ಣೆ ಹೆಚ್ಚಿದರೆ ಶಾಖ ಹೆಚ್ಚುವುದು. ಪೆಟ್ರೋಲ್ ಕಾರಿನ ನಿಯಮವು ಇಲ್ಲಿಗೆ ಸಲ್ಲದು. ಪಂಪಿನ ಮೊಹರನ್ನು ಬೆಂಚಿನ ಮೇಲಲ್ಲದೆ ಕೀಳಿಸಬಾರದು. ಒಂದು ದೋಷವನ್ನು ಸರಿಪಡಿಸುವ ಮೊದಲು ಅದನ್ನು ಮುಚ್ಚುವುದಕ್ಕಾಗಿ ಹಿಂದೆ ಯಾರಾದರೂ ಏನನ್ನಾದರೂ ತಿರುಗಿಸಿದ್ದಾರೆಯೇ ಎಂದು ವಿಚಾರಿಸತಕ್ಕದ್ದು. ವಾಚಕರು ಈ ವಿಷಯಗಳನ್ನು ತಮ್ಮ ಚಾಲಕರಿಗೂ ನೆರೆಹೊರೆಯ ರೈತರಿಗೂ ಓದಿ ಹೇಳಿ, ಬರುವ ಉಳುಮೆಗೆ ಮುಂಚೆಯೇ ತಮ್ಮ ಇಂಜನುಗಳ ಗಾಳಿಯ ಮಾರ್ಗವನ್ನೂ ಪಂಪಿನ ಮೊಹರನ್ನೂ ಒಮ್ಮೆ ನೋಡಿಕೊಳ್ಳುವರೆಂದು ನಂಬಲಾಗಿದೆ.